ತಕರಾರಿಗಾಗಿ ಕಾದು ಕೂತವರು

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಕಾಪುವಿನಲ್ಲಿ ಒಂದು ಮನೆಯ ಸ್ಲ್ಯಾಬಿಗೆ ಕಾಂಕ್ರೀಟ್ ಹಾಕಿಸುತ್ತಿದ್ದೆ. ಕಾಂಕ್ರೀಟ್ ಒಮ್ಮೆ ಶುರುವಾದರೆ ಯಾರು ಕರೆದರೂ ನಿಲ್ಲಿಸುವ ಹಾಗಿಲ್ಲ. ಫೋನಿನಲ್ಲಿ ಈಮೇಲ್ ಓದಿದೆ, ಫೋನನ್ನು ಚೀಲಕ್ಕೆ ಹಾಕಿದೆ, ಮೂಲೆ ಬಿಟ್ಟು ಮುಂದೆ ಹೋಗುತ್ತಿದ್ದ, ಕಾಂಕ್ರೀಟ್ ಅದುರಿಸಿ ಕೂರಿಸುವ ವೈಬ್ರೇಟರಿನವನಿಗೆ ಬೈದೆ. ಸಂಜೆ ಕೆಲಸ ಮುಗಿಸಿ, ಕೈಕಾಲು ತೊಳೆದು, ಜಲ್ಲಿಯ ರಾಶಿಯ ಪಕ್ಕ ಕೂತಾಗ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಸಾಯುವಾಗಲೂ ನನಗೊಂದು ಕೆಲಸ ಹಚ್ಚಿ ಹೋದರಲ್ಲ ಈ ಮನುಷ್ಯ!

ಈಮೇಲ್ ಬರೆದವರು ಅವರ ಮಗಳು. ಅಪ್ಪನ ಜೊತೆ ಕೆಲಸ ಮಾಡಿದವರಿಂದ ಒಂದೊಂದು ಪುಟ ಬರೆಸಿ ಸಣ್ಣ ಪುಸ್ತಕ ಮಾಡುತ್ತಿದ್ದೇವೆ, ನೀವೂ ಬರೆಯಿರಿ ಎಂದಿದ್ದರು. ಹೊಗಳಿಕೆ ಬೇಡವೆಂದು ಅಪ್ಪನೇ ಹೇಳಿಹೋಗಿದ್ದಾರೆ ಎಂಬ ಸೂಚನೆ ಕೆಳಗಿತ್ತು. ನನ್ನ ವಿಷಯದಲ್ಲಿ ಅವರಿಗೆ ಆ ಭಯ ಬೇಕಾಗಿರಲಿಲ್ಲ.

ಹೆಸರು ಬರೆಯುವುದಿಲ್ಲ. ಕಟ್ಟಡದ ಮೇಲೆ ಯಾರ ಹೆಸರೂ ಇರಬಾರದೆಂದು ಹಟ ಹಿಡಿದವರು ಅವರು. ನಾವು ಕಟ್ಟಿದ ವಾಚನಾಲಯದ ಗುದ್ದಲಿ ಪೂಜೆಗೆಂದು ಅದನ್ನು ಕಟ್ಟಿಸುವ ಟ್ರಸ್ಟಿನವರು ಕಾರ್ಕಳದಲ್ಲಿ ಕಪ್ಪುಕಲ್ಲಿನ ಮೇಲೆ ಅಧ್ಯಕ್ಷರಿಂದ ಹಿಡಿದು ಖಜಾಂಚಿಯವರೆಗೆ ಎಲ್ಲರ ಹೆಸರು ಕೆತ್ತಿಸಿ ತಂದರೆ, ಇವರು ಕಲ್ಲನ್ನು ಸವರಿ ನೋಡಿ, "ಒಳ್ಳೆಯ ಕಲ್ಲು" ಎಂದು ಮೆಚ್ಚಿ, ಅದನ್ನು ಮಗುಚಿ ಬಾಗಿಲಿನ ಮೆಟ್ಟಿಲಾಗಿ ಹಾಕಬೇಕೆಂದು ನಕ್ಷೆಯಲ್ಲಿ ಬರೆದುಬಿಟ್ಟರು. ಇವತ್ತಿಗೂ ಆ ಹೆಸರುಗಳೆಲ್ಲ ಮಣ್ಣಿಗೆ ಮುಖ ಮಾಡಿ ಮಲಗಿವೆ. ಟ್ರಸ್ಟಿನವರನ್ನು ಸಮಾಧಾನ ಮಾಡಲು ನಾನು ಎಷ್ಟು ಮನೆಗಳಲ್ಲಿ ಕೂತು ಎಷ್ಟು ಲೋಟ ಕಾಫಿ ಕುಡಿದೆ ಎಂದು ಅವರು ಒಮ್ಮೆಯೂ ಕೇಳಲಿಲ್ಲ.

ಸ್ವಿಟ್ಜರ್ಲೆಂಡಿನಲ್ಲಿ ಅವರು ಬಹಳ ದೊಡ್ಡ ಆರ್ಕಿಟೆಕ್ಟ್. ಮಣಿಪಾಲಕ್ಕೆ ಒಂದು ವರ್ಷ ಪಾಠ ಮಾಡಲು ಬಂದಾಗ ವಿದ್ಯಾರ್ಥಿಗಳು ಅವರ ಜೊತೆ ಫೋಟೋ ತೆಗೆಸಿಕೊಳ್ಳಲು ಸಾಲು ನಿಂತಿದ್ದರು. ಅವರ ಕೆಲಸದ ಬಗ್ಗೆ ಬಂದ ಪುಸ್ತಕಗಳನ್ನು ಆಗ ನಾನು ಕೆಲಸಕ್ಕಿದ್ದ ಇಂಜಿನಿಯರರ ಆಫೀಸಿಗೂ ತಂದಿಟ್ಟರು. ತಿರುವಿ ನೋಡಿದೆ. ಬೆಟ್ಟದ ಊರಿನ ಒಂದು ಶಾಲೆ, ಸರೋವರದ ದಡದಲ್ಲಿ ದೋಣಿ ಕಾಯುವವರಿಗೊಂದು ಕಟ್ಟೆ, ಹಳೆಯ ಹಾಲಿನ ಡೈರಿಯನ್ನು ಬದಲಾಯಿಸಿ ಮಾಡಿದ ಗ್ರಂಥಾಲಯ. ನಲವತ್ತು ವರ್ಷದ ವೃತ್ತಿಯಲ್ಲಿ ಒಟ್ಟು ಹದಿನೇಳು ಕಟ್ಟಡ! ನಮ್ಮ ಆಫೀಸಿನಲ್ಲಿ ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲದೊಳಗೆ ಹದಿನೇಳು ಏಳುತ್ತಿದ್ದವು. ಆ ಶಾಲೆ ಕಟ್ಟುವ ಮೊದಲು ಹಿಮ ಎಲ್ಲೆಲ್ಲಿ ಕೂಡಿಬೀಳುತ್ತದೆ ಎಂದು ಅವರು ಎರಡು ಚಳಿಗಾಲ ಸುಮ್ಮನೆ ನೋಡಿದ್ದರಂತೆ. ನಮ್ಮಲ್ಲಿ ಎರಡು ಮಳೆಗಾಲ ಸುಮ್ಮನೆ ನೋಡುತ್ತ ಕೂತರೆ ಮನೆ ಕಟ್ಟಿಸುವವರು ಬೇರೆ ಇಂಜಿನಿಯರನ್ನು ನೋಡುತ್ತಾರೆ.

ಮಣಿಪಾಲದ ಒಂದು ಟ್ರಸ್ಟಿಗಾಗಿ ಬಜಗೋಳಿಯಲ್ಲಿ ಸಣ್ಣ ವಾಚನಾಲಯವೊಂದನ್ನು ಕಟ್ಟಿಕೊಡಲು ಅವರು ಒಪ್ಪಿದರು. ಸೈಟ್ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಹನ್ನೊಂದು ವರ್ಷ ಇನ್ನೊಬ್ಬರ ಕೈಕೆಳಗೆ ಅಳತೆ ಬರೆದುಕೊಂಡ ಮೇಲೆ ನನ್ನ ಜವಾಬ್ದಾರಿಗೇ ಬಿಟ್ಟ ಮೊದಲ ಸೈಟ್ ಅದು. ಮಳೆಗೆ ಮೊದಲು ಗೋಡೆಯ ಮೇಲೆ ಹೆಂಚಿನ ಮಾಡು ಏರಬೇಕು, ಇಷ್ಟೇ ನಮ್ಮ ಸರ್ ಹೇಳಿದ್ದು. "ಇದೊಂದು ಸರಿಯಾಗಿ ಮುಗಿಸಿ, ಮುಂದೆ ನಿಮ್ಮನ್ನು ಯಾರೂ ಕೇಳುವವರಿಲ್ಲ" ಎಂದಿದ್ದರು. ನಾನು ಅದನ್ನು ಹಗಲೂ ರಾತ್ರಿಯೂ ಮನಸ್ಸಿನಲ್ಲಿಟ್ಟುಕೊಂಡು ಓಡಾಡಿದೆ.

ಮೊದಲ ಜಗಳ ಮುರಕಲ್ಲಿನ ಕೋರೆಯಲ್ಲಿ. ಗೋಡೆಗೆ ಗಾರೆ ಬೇಡ, ಕೆಂಪು ಕಲ್ಲು ಹಾಗೆಯೇ ಕಾಣಬೇಕು ಎಂದರು. ನಮ್ಮ ಕಡೆ ಗಾರೆ ಮಾಡದ ಗೋಡೆ ಕಂಡರೆ ಜನ ಕೇಳುವುದು ಒಂದೇ, ಪಾಪ ಕೆಲಸ ಅರ್ಧಕ್ಕೆ ನಿಂತಿತಾ ಅಂತ. ಇದನ್ನು ಹೇಳಿದೆ. ನಕ್ಕರು. ಆಮೇಲೆ ಒಂದೊಂದು ಕಲ್ಲನ್ನೂ ಗೆಣ್ಣಿನಿಂದ ತಟ್ಟಿ, ನೀರು ಹಾಕಿ ಮೂಸಿ, ಆಚೆ ಒಂದು ಈಚೆ ಒಂದು ಇಡಿಸತೊಡಗಿದರು. ಮಧ್ಯಾಹ್ನದವರೆಗೆ ಒಂದು ಲೋಡು ತುಂಬಲಿಲ್ಲ. ಬಾಗಲಕೋಟೆ ಕಡೆಯ ಮೇಸ್ತ್ರಿ ಯಮನಪ್ಪ ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಬೆವರು ಒರೆಸಿಕೊಂಡು, "ಮೇಡಮ್ಮಾರ, ಈ ಅಜ್ಜ ಕಲ್ಲ ಆರಸಾಕ ಬಂದಾನೋ, ಹೆಣ್ಣ ನೋಡಾಕ ಬಂದಾನೋ?" ಎಂದ. ಏನೆಂದ ಎಂದು ಅವರು ಕೇಳಿದರು. ಬಿಸಿಲು ಜಾಸ್ತಿ ಎಂದ ಅಂದೆ. ಹೀಗೆ ಅಡ್ಡಾದಿಡ್ಡಿ ಅನುವಾದ ಮಾಡುವ ಚಾಳಿ ನನಗೆ ಅಲ್ಲಿಂದಲೇ ಹತ್ತಿತು.

ಎರಡನೆಯ ಜಗಳ ಮಾಡಿನದ್ದು. ಹೆಂಚಿನ ಮಾಡಿನ ಅಂಚಿಗೆ ನೀರು ಹಿಡಿಯುವ ತಗಡಿನ ದಂಬೆ ಹಾಕೋಣ ಅಂದರೆ ಬೇಡವೇ ಬೇಡ. ಮಳೆ ಬೀಳುವುದು ಓದುವವರಿಗೆ ಕಾಣಬೇಕಂತೆ, ಕಿಟಕಿಯ ಮುಂದೆ ನೀರಿನ ಪರದೆ ಇಳಿಯಬೇಕಂತೆ. "ಇದು ನಿಮ್ಮ ಊರಿನ ಮಳೆಯಲ್ಲ, ಬಜಗೋಳಿಯ ಮಳೆ. ಪರದೆ ಅಲ್ಲ, ಹೊಳೆ ಇಳಿಯುತ್ತದೆ" ಎಂದೆ. ಹಾಗಾದರೆ ಹೊಳೆಯೇ ಕಾಣಲಿ ಎಂದರು. ಇಂಥವರ ಹತ್ತಿರ ಏನು ಮಾತಾಡುವುದು?

ಇವೆಲ್ಲ ಒಂದು ತೂಕ, ಬಿದಿರಿನ ಕತೆಯೇ ಒಂದು ತೂಕ. ಅವರ ದೇಶದಲ್ಲಿ ಕಟ್ಟಡ ಕಟ್ಟುವ ಮೊದಲು ಅದರ ಮೂಲೆ ಮೂಲೆಗೆ ಕಂಬ ನಿಲ್ಲಿಸಿ, ಗೋಡೆ ಎಷ್ಟು ಎತ್ತರ, ಮಾಡು ಯಾವ ಕಡೆ ಇಳಿಯುತ್ತದೆ ಎಂದು ಬಯಲಿನಲ್ಲೇ ತೋರಿಸಬೇಕಂತೆ. ಒಂದು ತಿಂಗಳು ಅದು ಹಾಗೆಯೇ ನಿಲ್ಲಬೇಕು. ನೆರೆಕರೆಯವರು ನೋಡಿ ತಕರಾರಿದ್ದರೆ ಹೇಳಬೇಕು. ಪಂಚಾಯತಿನ ಪರವಾನಿಗೆ ಕೈಯಲ್ಲಿತ್ತು, ಪಾಯಕ್ಕೆ ಸುಣ್ಣದ ಗೆರೆ ಎಳೆದಾಗಿತ್ತು. ಆದರೂ ಬಿದಿರು ನೆಡದೆ ಹಾರೆ ಮುಟ್ಟುವ ಹಾಗಿಲ್ಲ ಎಂದುಬಿಟ್ಟರು. ಡಿಸೆಂಬರಿನ ಒಂದು ಇಡೀ ತಿಂಗಳು! ಮಳೆಗೆ ಮೊದಲು ಉಳಿದಿದ್ದೇ ಆರು ತಿಂಗಳು.

ಯಮನಪ್ಪನೂ ಅವನ ಹೆಂಡತಿಯೂ ಸೇರಿ ಬಿದಿರು ನೆಟ್ಟು, ತುದಿಯಿಂದ ತುದಿಗೆ ಹಗ್ಗ ಬಿಗಿದರು. ಮರುದಿನದಿಂದ ಊರವರು ಬರತೊಡಗಿದರು. "ಎಂತ ಮೇಡಂ, ಯಕ್ಷಗಾನ ಉಂಟಾ?" ಎಂದು ಒಬ್ಬರು. "ಮದುವೆ ಚಪ್ಪರ ಅಲ್ವಾ? ಯಾರದ್ದು?" ಎಂದು ಇನ್ನೊಬ್ಬರು. ಆಟೋದವರೊಬ್ಬರು ದಿನಾ ನಿಲ್ಲಿಸಿ ಊಟ ಯಾವತ್ತು ಎಂದು ಕೇಳಿ ಹೋಗುತ್ತಿದ್ದರು. ಚಪ್ಪರದ ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯಲ್ಲಿ ಒಣಕಲು ಬಿಳಿ ಅಜ್ಜ, ತೊಡೆಯ ಮೇಲೆ ನೋಟ್‌ಬುಕ್. ಬಂದವರಿಗೆಲ್ಲ ತಾನು ಕಲಿತ ಎರಡೇ ಎರಡು ಕನ್ನಡ ಪದ ಹೇಳಿ ಕೇಳುತ್ತಿದ್ದರು: "ತೊಂದರೆ ಉಂಟಾ?"

ನಮ್ಮ ಊರಿನಲ್ಲಿ ಮುಖ ನೋಡಿ ಹಾಗೆ ಕೇಳಿದರೆ ಉಂಟು ಎನ್ನುವವರು ಯಾರಿದ್ದಾರೆ? ಎಲ್ಲರೂ, "ಛೆ ಛೆ, ಎಂತ ತೊಂದರೆ? ಇಲ್ಲಪ್ಪ" ಎಂದರು. ತೊಂದರೆ ಇದ್ದರೆ ಅದು ನಿಧಾನವಾಗಿ ಇನ್ನೊಂದು ದಾರಿಯಲ್ಲಿ ಬರುತ್ತದೆ, ಪಂಚಾಯತಿಗೊಂದು ಅರ್ಜಿಯಾಗಿಯೋ ದೈವದ ಮುಂದೆ ಒಂದು ಮಾತಾಗಿಯೋ. ಅವರು ಮಾತ್ರ ಪ್ರತಿ ಸಂಜೆ ನೋಟ್‌ಬುಕ್ ಮುಚ್ಚಿ ಪೆಚ್ಚು ಮುಖ ಮಾಡುತ್ತಿದ್ದರು. ತಕರಾರು ಬರಲಿಲ್ಲವೆಂದು ಬೇಜಾರು ಮಾಡಿಕೊಂಡ ಮನುಷ್ಯನನ್ನು ನಾನು ಅವರೊಬ್ಬರನ್ನೇ ನೋಡಿದ್ದು.

ಮೂರನೆಯ ವಾರ ಗಿರಿಜಕ್ಕ ಬಂದರು. ಸೈಟಿನ ಮೂಡು ಬದಿಗೆ ತಾಗಿಯೇ ಅವರ ಮನೆ. ಬೆಳಗ್ಗಿನಿಂದ ಸಂಜೆಯವರೆಗೆ ಜಗಲಿಯಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುವವರು. ಸೆರಗಿಗೆ ಕೈ ಒರೆಸುತ್ತ ಬಂದು ತುಳುವಿನಲ್ಲಿ ಹೇಳಿದ್ದನ್ನು ನಾನು ಮರೆತಿಲ್ಲ. "ಒಳ್ಳೆಯ ಕೆಲಸ ಮೇಡಂ, ಮಕ್ಕಳು ಓದುವುದಕ್ಕಲ್ವಾ. ನನಗೆ ಎಂತದೂ ತೊಂದರೆ ಇಲ್ಲ. ಆದರೆ ಒಂದುಂಟು. ಮೂರು ಗಂಟೆಯ ಮೇಲೆ ನನಗೆ ಬೆಳಕು ಬರುವುದು ಈ ಬದಿಯಿಂದ ಮಾತ್ರ. ಅಷ್ಟು ಎತ್ತರಕ್ಕೆ ಗೋಡೆ ಬಂದರೆ ಜಗಲಿ ಕತ್ತಲೆ. ಟ್ಯೂಬ್‌ಲೈಟಿನಲ್ಲಿ ನನಗೆ ಎಲೆಯ ನರ ಕಾಣುವುದಿಲ್ಲ. ಬೀಡಿ ಸಡಿಲ ಆಗ್ತದೆ, ಕಂಪೆನಿಯ ಬ್ರಾಂಚಿನಲ್ಲಿ ತೆಗೆದು ಬಿಸಾಡ್ತಾರೆ. ನನಗಿರುವುದು ಇದೊಂದೇ ಕೆಲಸ. ಹಾಗಂತ ಕಟ್ಟಬೇಡಿ ಅಂತಲ್ಲ."

ಕುರ್ಚಿಯಲ್ಲಿದ್ದ ಅಜ್ಜ ಪೆನ್ ಹಿಡಿದು ನನ್ನ ಮುಖ ನೋಡಿದರು. ಮೂಡು ಬದಿಯ ಗೋಡೆಯೇ ಅತಿ ಎತ್ತರದ ಗೋಡೆ. ಅದನ್ನು ಮುಟ್ಟಿದರೆ ನಕ್ಷೆ ಹೊಸದು, ಪರವಾನಿಗೆ ಹೊಸದು, ನನ್ನ ಸೈಟ್ ಮಳೆಯಲ್ಲಿ. "ಒಳ್ಳೆಯ ಕೆಲಸ, ತೊಂದರೆ ಇಲ್ಲ ಅಂತಿದ್ದಾರೆ" ಎಂದೆ. ಅವರು ಒಂದು ಕ್ಷಣ ಗಿರಿಜಕ್ಕನನ್ನು ನೋಡಿ, ನನ್ನನ್ನು ನೋಡಿ, ಅದನ್ನೇ ಬರೆದುಕೊಂಡರು. ಗಿರಿಜಕ್ಕ ಕೈಮುಗಿದು ಹೋದರು.

ಸುಳ್ಳು ಹೇಳಿದೆ ಎಂದು ಆಗ ನನಗೆ ಅನಿಸಲೇ ಇಲ್ಲ. ಬೇಕಾದ್ದನ್ನು ಹೇಳಿದೆ, ಬೇಡದ್ದನ್ನು ಬಿಟ್ಟೆ, ಇಷ್ಟೇ ಅಂದುಕೊಂಡೆ.

ಆ ಮೇಲಿನ ದಿನಗಳಲ್ಲಿ ಅವರ ಕುರ್ಚಿ ಖಾಲಿ ಕಾಣತೊಡಗಿತು. ನೋಡಿದರೆ ಗಿರಿಜಕ್ಕನ ಜಗಲಿಯಲ್ಲಿ ಚಕ್ಕಂಬಕ್ಕಳ ಹಾಕಿ ಕೂತು ಕಪ್ಪು ಚಹಾ ಕುಡಿಯುತ್ತಿದ್ದಾರೆ! ಭಾಷೆ ಇಲ್ಲ, ಮಾತಿಲ್ಲ. ಒಬ್ಬರು ಎಲೆ ಕತ್ತರಿಸುವುದು, ಇನ್ನೊಬ್ಬರು ನೋಡುವುದು. ಹಾಳಾಗಿ ಹೋಗಲಿ, ತಿಂಗಳು ಮುಗಿದರೆ ಸಾಕು ಎಂದು ನಾನು ಸಿಮೆಂಟಿಗೆ ಆರ್ಡರ್ ಕೊಟ್ಟೆ. ಕೊನೆಯ ದಿನ ನಾಲ್ಕು ಗಂಟೆಗೆ ಅಜ್ಜ ನನ್ನನ್ನು ಜಗಲಿಗೆ ಕರೆದರು. ಬಿದಿರಿನ ತುದಿಗೆ ಬಿಗಿದ ಹಗ್ಗದ ನೆರಳು ಗಿರಿಜಕ್ಕನ ಮೊರದ ಮೇಲೆ ಅಡ್ಡ ಬಿದ್ದಿತ್ತು. ಗಿರಿಜಕ್ಕ ತಲೆ ಎತ್ತದೆ ನೂಲು ಸುತ್ತುತ್ತಿದ್ದರು. "ಹಗ್ಗದ ಕೆಳಗಿನ ಭಾಗವೆಲ್ಲ ಗೋಡೆ, ಅಲ್ಲವೇ?" ಎಂದು ಅವರು ಮೆಲ್ಲಗೆ ಕೇಳಿದರು. "ಆ ದಿನ ಇವರು ಹೇಳಿದ್ದು ಏನು? ಪೂರ್ತಿ ಹೇಳಿ."

ಹೇಳಿದೆ. ಬೈಯಲಿಲ್ಲ ಪುಣ್ಯಾತ್ಮ. ಬೈದಿದ್ದರೆ ನಾನೂ ಎರಡು ತಿರುಗಿ ಬೈದು ಹಗುರಾಗುತ್ತಿದ್ದೆ. "ನೀವು ನನಗೆ ಅಳತೆ ಕಡಿಮೆ ಕೊಟ್ಟಿರಿ" ಎಂದರು, ಅಷ್ಟೇ.

ಆಮೇಲೆ ಕಾರ್ಕಳದವರೆಗೆ ಕಾರಿನಲ್ಲಿ ಬರುತ್ತ ತಮ್ಮ ಮೊದಲ ಕಟ್ಟಡದ ಕತೆ ಹೇಳಿದರು. ಅದಕ್ಕೂ ಒಂದು ತಿಂಗಳು ಕಂಬ ನಿಂತಿತ್ತಂತೆ, ಒಂದು ತಕರಾರೂ ಬರಲಿಲ್ಲವಂತೆ. ಎಳೆಯ ವಯಸ್ಸು, ಖುಷಿಪಟ್ಟರು. ಗೋಡೆ ಎದ್ದ ಮೇಲೆ ತಿಳಿಯಿತು, ಪಕ್ಕದ ಮನೆಯ ಮುದುಕ ಆ ತಿಂಗಳು ಆಸ್ಪತ್ರೆಯಲ್ಲಿದ್ದ. ಮನೆಗೆ ಬಂದು ಕಿಟಕಿ ತೆರೆದರೆ ಎದುರಿಗೆ ಗೋಡೆ. "ಅವನಿಗೆ ಮುಖ ತೋರಿಸಲಾರದೆ ಅವನು ಬದುಕಿರುವವರೆಗೆ ನಾನು ಆ ಬೀದಿಗೆ ಹೋಗಲಿಲ್ಲ" ಎಂದರು. ಆ ಕಟ್ಟಡಕ್ಕೆ ಅವರಿಗೆ ದೊಡ್ಡ ಪ್ರಶಸ್ತಿ ಬಂದಿತ್ತು, ಪುಸ್ತಕಗಳಲ್ಲಿ ಮೊದಲನೆಯ ಪುಟವೇ ಅದು. ನನಗೆ ಆಗ ಇದೆಲ್ಲ ಎಲ್ಲಿ ನಾಟುತ್ತದೆ? ಪಂಚಾಯತಿನಲ್ಲಿ ಮತ್ತೆ ಯಾರ ಕಾಲು ಹಿಡಿಯಬೇಕು ಎಂಬ ಲೆಕ್ಕದಲ್ಲಿದ್ದೆ.

ಅವರು ಕಟ್ಟಡವನ್ನು ಪಡುವಣಕ್ಕೆ ಒಂಬತ್ತು ಅಡಿ ಸರಿಸಿದರು. ಮಾಡನ್ನು ಇಡಿಯಾಗಿ ತಿರುಗಿಸಿ ಎತ್ತರವನ್ನು ರಸ್ತೆಯ ಕಡೆಗೂ ತಗ್ಗನ್ನು ಗಿರಿಜಕ್ಕನ ಕಡೆಗೂ ಇಟ್ಟರು. ಹೊಸ ನಕ್ಷೆ, ಹೊಸ ಪರವಾನಿಗೆ, ಟ್ರಸ್ಟಿನವರ ಹೊಸ ಸಭೆ. ಮೇ ಕೊನೆಗೆ ಗೋಡೆ ಎದೆಮಟ್ಟ ಬಂದಾಗ ಮೊದಲ ಮಳೆ ಸುರಿಯಿತು. ಟಾರ್ಪಾಲಿನ ಕೆಳಗೆ ನೆನೆದ ಕಲ್ಲುಗಳ ನಡುವೆ ನಿಂತು ನಮ್ಮ ಸರ್, "ನಿಮಗೊಂದು ಸೈಟ್ ಕೊಟ್ಟರೆ ಅದನ್ನೇ ಒಂಬತ್ತು ಅಡಿ ಆಚೆ ಇಟ್ಟಿರಲ್ಲ ಮಾರಾಯ್ರೆ!" ಎಂದರು. ಮರುದಿನದಿಂದ ಸೈಟ್ ಇನ್ನೊಬ್ಬರಿಗೆ ಹೋಯಿತು. ಅಜ್ಜ ನನ್ನ ಪರವಾಗಿ ನಮ್ಮ ಸರ್‌ಗೆ ಎರಡು ಪುಟದ ಪತ್ರ ಬರೆದರಂತೆ. ಆ ಪತ್ರದಲ್ಲಿ ಇಂಜಿನಿಯರ್ ಒಮ್ಮೆ ಅಳತೆ ಕಡಿಮೆ ಕೊಟ್ಟರು, ಆಮೇಲೆ ಸರಿಪಡಿಸಿದರು ಎಂದು ಇದ್ದದ್ದು ಇದ್ದ ಹಾಗೆ ಬರೆದಿದ್ದರಂತೆ. ಇಂಥ ಪತ್ರದಿಂದ ಯಾರಿಗೆ ಉಪಕಾರವಾಗುತ್ತದೆ ಹೇಳಿ!

ದೀಪಾವಳಿ ಕಳೆದ ಮೇಲೆ ಮಾಡು ಏರಿತು. ನಾನು ಉದ್ಘಾಟನೆಗೆ ಹೋಗಲಿಲ್ಲ. ಆ ಆಫೀಸನ್ನೂ ಬಿಟ್ಟು ಕಾಪುವಿನಲ್ಲಿ ನನ್ನದೇ ಸಣ್ಣ ಆಫೀಸು ತೆರೆದೆ. ಈಗ ಪ್ರತಿ ಸೈಟಿನಲ್ಲೂ ಬಿದಿರು ನೆಡುತ್ತೇನೆ ಎಂದು ಬರೆದರೆ ಓದಲು ಚೆಂದ. ನೆಡುವುದಿಲ್ಲ. ಇಲ್ಲಿ ಯಾರಿಗೆ ಅಷ್ಟು ಪುರುಸೊತ್ತು?

ಸ್ವಿಟ್ಜರ್ಲೆಂಡಿಗೆ ವಾಪಸು ಹೋದ ಮೇಲಾದರೂ ಅವರು ಸುಮ್ಮನಿದ್ದರೇ? ಪ್ರತಿ ಜುಲೈಯಲ್ಲಿ ತಪ್ಪದೆ ಒಂದು ಸಂದೇಶ. ಪಡು ಗೋಡೆಗೆ ಪಾಚಿ ಎಷ್ಟು ಬಂದಿದೆ, ಅದೇ ಜಾಗದಲ್ಲಿ ನಿಂತು ಫೋಟೋ ತೆಗೆದು ಕಳಿಸಿ. ನಾನೇನು ಅವರ ಪಾಚಿಯ ಗುಮಾಸ್ತೆಯೇ? ಆದರೂ ಏಳು ಮಳೆಗಾಲ, ರೈನ್‌ಕೋಟ್ ಹಾಕಿಕೊಂಡು ಸ್ಕೂಟರಿನಲ್ಲಿ ಕಾಪುವಿನಿಂದ ಬಜಗೋಳಿಗೆ ಹೋದೆ. ರಸ್ತೆ ಬದಿಯಲ್ಲೇ ನಿಂತು ಫೋಟೋ ತೆಗೆದು ಹಾಗೆಯೇ ತಿರುಗಿ ಬಂದೆ. ಕಟ್ಟಡದ ಆಚೆ ಬದಿಗೆ, ಗಿರಿಜಕ್ಕನ ಅಂಗಳಕ್ಕೆ, ಒಮ್ಮೆಯೂ ಕಾಲಿಡಲಿಲ್ಲ. ನಾಚಿಕೆ, ಇನ್ನೇನು?

ಈ ಸಲ ಜುಲೈಗೆ ಸಂದೇಶ ಬರುವುದಿಲ್ಲವಲ್ಲ. ಸ್ಲ್ಯಾಬಿನ ಕೆಲಸ ಮುಗಿದ ಭಾನುವಾರ, ಮೇ ತಿಂಗಳ ಉರಿಬಿಸಿಲಿನಲ್ಲೇ ಬಜಗೋಳಿಗೆ ಹೋದೆ. ಈಮೇಲಿಗೆ ಒಂದು ಸಾಲು ಬರೆಯಲು ಕೂತರೂ ಗಿರಿಜಕ್ಕನ ಮುಖವೇ ಎದುರು ಬರುತ್ತಿತ್ತು. ಗಂಟೆ ಮೂರಾಗಿತ್ತು. ತಗ್ಗಿನ ಮಾಡಿನ ಮೇಲಿಂದ ಬಿಸಿಲು ಇಳಿದು ಜಗಲಿ ತುಂಬಿತ್ತು. ಗಿರಿಜಕ್ಕ ಅದೇ ಜಾಗದಲ್ಲಿ, ಈಗ ಕನ್ನಡಕ ಹಾಕಿಕೊಂಡು, ಎಲೆ ಕತ್ತರಿಸುತ್ತಿದ್ದರು.

"ಅಂತೂ ಈ ಬದಿಗೆ ಬಂದಿರಲ್ಲ" ಎಂದರು. "ವರ್ಷಾ ವರ್ಷಾ ಬಂದು ಆ ಬದಿಯ ಗೋಡೆಯ ಫೋಟೋ ತೆಗೆದು ಓಡ್ತೀರಿ. ಸ್ಕೂಟರ್ ನನಗೆ ಕಾಣ್ತದೆ."

ಅವರು ತೀರಿಕೊಂಡದ್ದು, ಅವರ ಮಗಳು ಬರೆಯಲು ಕೇಳಿದ್ದು, ಎರಡನ್ನೂ ಹೇಳಿದೆ. ಗಿರಿಜಕ್ಕ ಕತ್ತರಿ ಕೆಳಗಿಟ್ಟರು. "ಅಜ್ಜ ಹೋದ್ರಾ" ಎಂದು ಆ ಮಾಡನ್ನು ನೋಡಿದರು. ನನಗೆ ತಡೆಯಲಾಗಲಿಲ್ಲ. ಆ ದಿನ ನೀವು ಹೇಳಿದ್ದನ್ನು ನಾನು ಅವರಿಗೆ ಪೂರ್ತಿ ಹೇಳಲಿಲ್ಲ ಗಿರಿಜಕ್ಕ, ಎಂದುಬಿಟ್ಟೆ.

"ಗೊತ್ತುಂಟು" ಎಂದರು. "ನಾನು ಅಷ್ಟು ಉದ್ದ ಹೇಳಿದೆ, ನೀವು ಇಷ್ಟೇ ಇಷ್ಟು ಹೇಳಿ ಮುಗಿಸಿದಿರಿ. ಇಂಗ್ಲಿಷ್ ಅಷ್ಟು ಸಣ್ಣ ಭಾಷೆಯಾ ಅಂತ ಎಣಿಸಿದೆ. ಅದಕ್ಕೇ ಮರುದಿನ ಮೂರು ಗಂಟೆಗೆ ಅವರ ಕೈ ಹಿಡಿದು ಕರ್ಕೊಂಡು ಬಂದು ನನ್ನ ಜಾಗದಲ್ಲಿ ಕೂರಿಸಿದೆ. ನಾನು ಆಚೆ ಕೂತೆ. ಭಾಷೆ ಇಲ್ಲದಿದ್ದರೆ ಎಂತ, ಕಣ್ಣುಂಟಲ್ವಾ ಅವರಿಗೆ."

ಇಷ್ಟು ವರ್ಷ ನಾನು ಆ ನೆರಳನ್ನು ಕಂಡುಹಿಡಿದದ್ದು ಆ ಮನುಷ್ಯನ ಜಾಣತನ ಎಂದು ತಿಳಿದಿದ್ದೆ. ಕಣ್ಣು ತುಂಬಿ ಬಂತು, ಮುಚ್ಚಿಡಲೂ ಆಗಲಿಲ್ಲ. ಗಿರಿಜಕ್ಕ ಒಳಗೆ ಹೋಗಿ ಕಪ್ಪು ಚಹಾ ತಂದುಕೊಟ್ಟು, "ಅವರ ಮಗಳಿಗೆ ಬರೆಯುವುದುಂಟು ಅಂದಿರಲ್ಲ, ನನ್ನದೂ ಬರೀರಿ. ಈ ಸಲ ಪೂರ್ತಿ" ಎಂದರು.

ಫೋನ್ ತೆಗೆದೆ. ಅವರು ತುಳುವಿನಲ್ಲಿ ಹೇಳುತ್ತ ಹೋದರು, ನಾನು ಇಂಗ್ಲಿಷಿನಲ್ಲಿ ಒತ್ತುತ್ತ ಹೋದೆ. ನಿಮ್ಮ ಅಪ್ಪನಿಂದ ನನಗೆ ಇವತ್ತಿಗೂ ಐದೂವರೆಯವರೆಗೆ ಬೆಳಕುಂಟು. ಅವರು ಚಹಾಕ್ಕೆ ಸಕ್ಕರೆ ಜಾಸ್ತಿ ಕೇಳುತ್ತಿದ್ದರು. ಒಂದು ಬೀಡಿ ಕಟ್ಟಲು ಕಲಿಸಿದೆ, ನೆಟ್ಟಗೆ ಬರಲಿಲ್ಲ, ಆದರೂ ಅದನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ಹೋಗಿದ್ದಾರೆ, ಹುಡುಕಿ ನೋಡಿ. ಅವರು ಕಟ್ಟಿದ್ದು ಒಳ್ಳೆಯ ಕಟ್ಟಡ, ನನಗೆ ಎಂತದೂ ತೊಂದರೆ ಇಲ್ಲ.

"ಆದರೆ ಒಂದುಂಟು" ಎಂದರು ಗಿರಿಜಕ್ಕ.

ಅಂಗಳವನ್ನು ತೋರಿಸಿದರು. ತಗ್ಗಿನ ಮಾಡಿನಿಂದ ಅಂಗಳದವರೆಗೆ ಮೊಣಕೈ ಆಳದ ಚರಂಡಿಯೊಂದು ತಾನಾಗಿ ಕೊರೆದುಕೊಂಡಿತ್ತು. ದಂಬೆ ಇಲ್ಲದ ಮಾಡು, ತಿರುಗಿಸಿ ಇಟ್ಟ ಇಳಿಜಾರು. ಮಳೆಗಾಲವಿಡೀ ಅಷ್ಟೂ ನೀರು ನೇರ ಇವರ ಅಂಗಳಕ್ಕೆ. ಏಳು ವರ್ಷದಿಂದ ಗಿರಿಜಕ್ಕ ಮುರಕಲ್ಲು ಅಡ್ಡ ಇಟ್ಟು ಇಟ್ಟು ಸೋತಿದ್ದರು. ನಾನು ಹೇಳಿದ್ದೆ! ಬಜಗೋಳಿಯ ಮಳೆ ಎಂದು ಬಾಯಿಬಿಟ್ಟು ಹೇಳಿದ್ದೆ! ನೀರಿನ ಪರದೆಯಂತೆ, ಓದುವವರಿಗೆ ಕಾಣಬೇಕಂತೆ. ಸತ್ತವರ ಮೇಲೆ ಅಷ್ಟು ಜೋರಾಗಿ ಸಿಟ್ಟು ಮಾಡಬಾರದು ಎಂದು ಗಿರಿಜಕ್ಕನೇ ನನ್ನನ್ನು ಸಮಾಧಾನ ಮಾಡಿದರು. ಮಳೆಗೆ ಮೊದಲು ನಾನೇ ನಿಂತು ದಂಬೆ ಹಾಕಿಸುತ್ತೇನೆ ಎಂದೆ.

"ಹಾಕಿಸಿ. ಆದರೆ ಬರೆಯುವುದನ್ನು ಬರೀರಿ. ಅಜ್ಜ ಎಷ್ಟು ದಿನ ಕಾದು ಕೂತಿದ್ದರು ಪಾಪ, ಯಾರಾದರೂ ಹೇಳಲಿ ಅಂತ."

ಬರೆದೆ. ಬಿಸಿಲು ಮೊರದಿಂದ ಮೆಲ್ಲಗೆ ಸರಿದು ಕಂಬಕ್ಕೆ ಹೋಗಿತ್ತು. ಕಳಿಸುವ ಮೊದಲು ಎಲ್ಲವನ್ನೂ ಮತ್ತೆ ತುಳುವಿಗೆ ತಿರುಗಿಸಿ ಓದಿ ಹೇಳಿದೆ. ಗಿರಿಜಕ್ಕ ಕಣ್ಣು ಮುಚ್ಚಿ ಕೇಳಿದರು.

"ನೀರಿನದ್ದು ಹಾಕಿದಿರಾ?"

"ಹಾಕಿದ್ದೇನೆ" ಎಂದೆ.